ಎಕ್ಕ: ಒಂದು ಕಾಡುಗಿಡದ ಬಾಳು, ಬಳಗ ಮತ್ತು ಜನಪದ ಚರಿತ್ರೆ

ಹಳೆಯ ಮೈಸೂರು ಸೀಮೆಯ ಆಡುಮಾತಿನಲ್ಲಿ 'ಎಕ್ಕುಟ್ಟೋಯ್ತು' ಎಂಬ ಮಾತು ಇಂದಿಗೂ ಜೀವಂತವಾಗಿದೆ. ಕೈಗೊಂಡ ಕೆಲಸ ಕೆಟ್ಟಾಗ, ಸಂಸಾರ ಮುರಿದಾಗ, ಕೊನೆಗೆ ಪಂಪುಸೆಟ್ಟು ನಿಂತುಹೋದಾಗಲೂ ಈ ಮಾತು ಒದಗಿಬರುತ್ತದೆ. ಇದರ ಬಿಡಿಸಿದ ರೂಪ 'ಎಕ್ಕ ಹುಟ್ಟಿ ಹೋಯಿತು' ಎಂಬುದು. 'ನಿನ್ನ ಮನೆಯಲ್ಲಿ ಎಕ್ಕ ಹುಟ್ಟಲಿ' ಎಂಬುದು ಇದೇ ನುಡಿಗಟ್ಟಿನ ಶಾಪರೂಪ. ಆದರೆ ಅದೇ ಎಕ್ಕದ ಎಲೆಯನ್ನು ರಥಸಪ್ತಮಿಯ ಬೆಳಗ್ಗೆ ತಲೆ, ಭುಜ, ಮಂಡಿ, ಪಾದಗಳ ಮೇಲಿಟ್ಟುಕೊಂಡು ಸ್ನಾನ ಮಾಡಲಾಗುತ್ತದೆ. ಅದರ ಹೂವಿನ ಹಾರ ಶನಿವಾರದಂದು ಹನುಮಂತನ ಕೊರಳಿಗೆ ಬೀಳುತ್ತದೆ. ಬಿಳಿ ಎಕ್ಕದ ಬೇರಿನಲ್ಲಿ ಗಣಪತಿಯ ಮೂರ್ತಿಯನ್ನು ಕಾಣುವ ನಂಬಿಕೆಯೂ ವ್ಯಾಪಕವಾಗಿದೆ. ಒಂದೇ ಗಿಡ ಬೈಗುಳಕ್ಕೂ ಪೂಜೆಗೂ ಸಲ್ಲುವುದು ಹೇಗೆ?

ಇಂತಹ ವೈರುಧ್ಯಗಳನ್ನು ಜಾನಪದ ಅಧ್ಯಯನಗಳು ಬಹುಮಟ್ಟಿಗೆ ಪವಿತ್ರ–ಅಪವಿತ್ರ, ಊರು–ಕಾಡು ಮೊದಲಾದ ದ್ವಂದ್ವಗಳ ಮೂಲಕ ವಿವರಿಸುತ್ತ ಬಂದಿವೆ. ಆ ವಿವರಣೆಗಳಿಗೆ ತಮ್ಮದೇ ಆದ ಬೆಲೆಯಿದೆ. ಆದರೆ ಸಂಕೇತವನ್ನು ಓದುವ ಆತುರದಲ್ಲಿ ಗಿಡವನ್ನು ನೋಡುವುದು ತಪ್ಪಿಹೋಗುವ ಸಾಧ್ಯತೆಯೂ ಇದೆ. ಪ್ರಸ್ತುತ ಲೇಖನವು ಗಿಡದಿಂದಲೇ ಹೊರಡುತ್ತದೆ. ಎಕ್ಕವು ಎಲ್ಲಿ ಬೆಳೆಯುತ್ತದೆ, ಹೇಗೆ ತನ್ನನ್ನು ಕಾಪಾಡಿಕೊಳ್ಳುತ್ತದೆ, ಯಾವ ಗಿಡಗಳ ರಕ್ತಸಂಬಂಧಿ ಎಂಬುದನ್ನು ಮೊದಲು ನೋಡಿ, ಆ ಬೆಳಕಿನಲ್ಲಿ ಅದರ ಜನಪದ ಚರಿತ್ರೆಯನ್ನು ಪರಿಶೀಲಿಸುವುದು ಇಲ್ಲಿನ ಉದ್ದೇಶ. ಎಕ್ಕದ ಕುರಿತಾದ ಶಾಪ, ಪೂಜೆ, ಮದ್ದು ಇವೆಲ್ಲಕ್ಕೂ ಮೂಲದಲ್ಲಿರುವುದು ಆ ಗಿಡದ ಬದುಕನ್ನು ಹತ್ತಿರದಿಂದ ಕಂಡ ಜನರ ದೀರ್ಘಕಾಲದ ಗಮನಿಕೆ. ಆ ಗಮನಿಕೆಯೊಳಗೆ ಕರ್ನಾಟಕದ ಹಾಳುಬಿದ್ದ ಊರುಗಳ ನೆನಪೂ ಸೇರಿಕೊಂಡಿದೆ ಎಂಬುದು ಈ ಲೇಖನದ ವಾದ.

ಹಾಳುನೆಲದ ಒಕ್ಕಲು

ಎಕ್ಕವನ್ನು ಯಾರೂ ಬಿತ್ತುವುದಿಲ್ಲ, ನೀರೆರೆಯುವುದಿಲ್ಲ. ರಸ್ತೆಯ ಅಂಚು, ಕೆರೆಯ ಏರಿ, ಸ್ಮಶಾನ, ಕಲ್ಲುಗಣಿಯ ಮಗ್ಗುಲು, ಬಿದ್ದ ಗೋಡೆಯ ಮಣ್ಣುಗುಡ್ಡೆ ಇವೇ ಅದರ ನೆಲೆಗಳು. ನಮ್ಮಲ್ಲಿ ಎರಡು ಪ್ರಭೇದಗಳು ಕಾಣಸಿಗುತ್ತವೆ. ಹೂದಳಗಳು ಹಿಂದಕ್ಕೆ ಬಾಗಿರುವ ದೊಡ್ಡ ಎಕ್ಕವನ್ನು ಸಸ್ಯಶಾಸ್ತ್ರದಲ್ಲಿ ಕ್ಯಾಲೊಟ್ರೊಪಿಸ್ ಜೈಗ್ಯಾಂಟಿಯ ಎಂದೂ, ದಳಗಳು ನೆಟ್ಟಗೆ ನಿಂತು ತುದಿಯಲ್ಲಿ ನೇರಳೆ ಬಣ್ಣ ತಳೆದಿರುವುದನ್ನು ಕ್ಯಾಲೊಟ್ರೊಪಿಸ್ ಪ್ರೊಸೆರ ಎಂದೂ ಕರೆಯುತ್ತಾರೆ. ಮೊದಲನೆಯದು ದಕ್ಷಿಣ ಹಾಗೂ ಆಗ್ನೇಯ ಏಷ್ಯದ ಗಿಡ. ಎರಡನೆಯದು ಪಶ್ಚಿಮ ಆಫ್ರಿಕದಿಂದ ಅರೇಬಿಯದ ಮೂಲಕ ಭಾರತದವರೆಗಿನ ಒಣಸೀಮೆಯಲ್ಲಿ ಹರಡಿಕೊಂಡಿದೆ.

ಒಣನೆಲದಲ್ಲಿ ಬಾಳಲು ಬೇಕಾದ ಸಲಕರಣೆಗಳು ಎಕ್ಕದ ಮೈಯಲ್ಲಿಯೇ ಇವೆ. ತಾಯಿಬೇರು ನೆಲದಾಳಕ್ಕೆ ಇಳಿಯುತ್ತದೆ. ಎಲೆ ದಪ್ಪಗಿದ್ದು, ಎಳೆಯ ಎಲೆಗಳ ಮೇಲೆ ಬೆರಳಿಗೆ ಅಂಟುವ ಬಿಳಿಯ ನವಿರು ಇರುತ್ತದೆ. ಈ ನವಿರು ಬಿಸಿಲನ್ನು ಹಿಂದಕ್ಕೆ ಚದುರಿಸಿ ಎಲೆಯಿಂದ ನೀರು ಆರುವುದನ್ನು ತಗ್ಗಿಸುತ್ತದೆ. ಕಡಿದರೂ ಬುಡದಿಂದ ಚಿಗುರುವ ಶಕ್ತಿ ಅದಕ್ಕಿದೆ. ಮಾಘಮಾಸದ ಹೊತ್ತಿಗೆ ಬಯಲುಸೀಮೆಯ ಹುಲ್ಲು ಒಣಗಿ, ಅನೇಕ ಮರಗಳು ಎಲೆಯುದುರಿಸುವ ಕಾಲದಲ್ಲಿಯೂ ಎಕ್ಕ ಹಸಿರಾಗಿಯೇ ನಿಂತಿರುತ್ತದೆ. ಸೂರ್ಯನ ಹಬ್ಬವಾದ ರಥಸಪ್ತಮಿಗೆ ಬೇಕಾಗುವ ಏಳು ಎಲೆಗಳು ಬಡವನಿಗೂ ಹಣವಿಲ್ಲದೆ ಸಿಗುವುದು ಈ ಕಾರಣದಿಂದಲೇ.

ಬೀಜದ ವಿಚಾರ ಇನ್ನೂ ಮುಖ್ಯವಾದದ್ದು. ಎಕ್ಕದ ಕಾಯಿ ಬಲಿತು ಬಿರಿದಾಗ ಒಳಗಿನ ಚಪ್ಪಟೆ ಬೀಜಗಳು ರೇಷ್ಮೆಯಂತಹ ಕೂದಲಿನ ಜುಟ್ಟು ಹೊತ್ತು ಗಾಳಿಗೆ ತೇಲುತ್ತವೆ. ಮಕ್ಕಳು ಬೆನ್ನಟ್ಟಿ ಹಿಡಿದು ಊದುವ ಇದಕ್ಕೆ ಕೆಲವೆಡೆ 'ಅಜ್ಜನ ಗಡ್ಡ' ಎಂಬ ಹೆಸರಿದೆ. ಗಾಳಿಯು ಬೀಜವನ್ನು ಎಲ್ಲಿ ಬೇಕಾದರೂ ಇಳಿಸಬಹುದು; ಆದರೆ ದಟ್ಟ ಹುಲ್ಲು, ಮರಗಳ ನೆರಳು, ವರ್ಷವರ್ಷವೂ ಉಳುವ ಹೊಲ, ದಿನದಿನವೂ ಗುಡಿಸುವ ಅಂಗಳ ಇಂತಹ ಕಡೆ ಎಕ್ಕದ ಸಸಿ ಊರಿಕೊಳ್ಳಲಾರದು. ಬಿಸಿಲು ಬೀಳುವ, ಮಣ್ಣು ಕದಡಿದ, ಮನುಷ್ಯನ ಕೈ ಹಿಂದೆ ಸರಿದ ಜಾಗವೇ ಅದಕ್ಕೆ ಒಗ್ಗುವಂಥದು. ಮಣ್ಣಿನ ಗೋಡೆ ಕುಸಿದು ಸಡಿಲವಾದ ದಿಬ್ಬವಾದಾಗ, ಮಾಡು ಬಿದ್ದು ನಡುಮನೆಗೆ ಬಿಸಿಲು ಬಂದಾಗ, ಗುಡಿಸುವವರು ಇಲ್ಲವಾದಾಗ ಎಕ್ಕಕ್ಕೆ ಅನುಕೂಲ ಒದಗುತ್ತದೆ. 'ನಿನ್ನ ಮನೆಯಲ್ಲಿ ಎಕ್ಕ ಹುಟ್ಟಲಿ' ಎನ್ನುವ ಶಾಪವು ಈ ಮೂರೂ ಸ್ಥಿತಿಗಳನ್ನು ಒಂದೇ ಮಾತಿನಲ್ಲಿ ಹೇಳುತ್ತದೆ. ಶಾಪ ಹಾಕುವವರು ಸಾವನ್ನು ನೇರವಾಗಿ ಹೆಸರಿಸುವುದಿಲ್ಲ. ಸಾವಿನ ಬಳಿಕ ಅಂಗಳ ಯಾವ ಗತಿಗೆ ಬರುವುದೆಂಬುದನ್ನು ಹೇಳುತ್ತಾರೆ.

ದನಕರುಗಳ ಪಾತ್ರವನ್ನೂ ಇಲ್ಲಿ ಮರೆಯುವಂತಿಲ್ಲ. 'ಆಡು ಮುಟ್ಟದ ಸೊಪ್ಪಿಲ್ಲ' ಎಂಬ ಗಾದೆಗೆ ಎಕ್ಕವು ಬಹುಮಟ್ಟಿಗೆ ಅಪವಾದ. ಮೇವಿಲ್ಲದ ಕಾಲದಲ್ಲಿ ಆಡುಗಳು ಅದರ ಬಾಡಿದ ಎಲೆಗೆ ಬಾಯಿ ಹಾಕುವುದುಂಟಾದರೂ ದನಗಳು ಅದರ ಸನಿಹ ಸುಳಿಯುವುದಿಲ್ಲ. ಸುತ್ತಲಿನ ಎಲ್ಲ ಸೊಪ್ಪು ಮೇಯಲ್ಪಟ್ಟು ಎಕ್ಕ ಮಾತ್ರ ಉಳಿದಾಗ ಅದಕ್ಕೆ ಪೈಪೋಟಿ ಕೊಡುವವರೇ ಇರುವುದಿಲ್ಲ. ಅತಿಯಾಗಿ ಮೇಯಿಸಿದ ಗೋಮಾಳಗಳಲ್ಲಿ ಎಕ್ಕ ಹೆಚ್ಚುವುದು ಹೀಗೆ. ಊರಿನವರು ಇದನ್ನು ನೆಲ ಬಡವಾದುದರ ಗುರುತೆಂದು ಭಾವಿಸುವುದು ಸಕಾರಣವಾಗಿದೆ.

ಹಾಲು ಮತ್ತು ವಿಷ

ದನಗಳು ಎಕ್ಕವನ್ನು ಬಿಡಲು ಕಾರಣ ಅದರ ಹಾಲು. ಎಲೆ ಮುರಿದೊಡನೆ ಒಸರುವ ಈ ಬಿಳಿಯ ದ್ರವವು ಗಾಯವನ್ನು ಅಂಟಿನಂತೆ ಮುಚ್ಚುತ್ತದೆ; ಕಚ್ಚಿದ ಹುಳುವಿನ ಬಾಯಿಯನ್ನೂ ಕಟ್ಟಿಬಿಡುತ್ತದೆ. ಅದರೊಳಗೆ ಹೃದಯದ ಬಡಿತವನ್ನೇ ಏರುಪೇರು ಮಾಡುವ ವಿಷಗಳಿವೆ. ಪ್ರಾಣಿಗಳ ಜೀವಕೋಶಗಳು ಸೋಡಿಯಂ ಲವಣವನ್ನು ಹೊರಕ್ಕೂ ಪೊಟಾಸಿಯಂ ಲವಣವನ್ನು ಒಳಕ್ಕೂ ಸಾಗಿಸಲು ಬಳಸುವ ಪ್ರೋಟೀನೊಂದನ್ನು ಈ ವಿಷಗಳು ತಡೆಹಿಡಿಯುತ್ತವೆ.

ಈ ಕೋಟೆಯನ್ನೂ ದಾಟಿದ ಜೀವಿಗಳಿವೆ. ಕಿತ್ತಳೆ ಬಣ್ಣದ ರೆಕ್ಕೆಗೆ ಕಪ್ಪು ಅಂಚುಳ್ಳ, ಪ್ಲೇನ್ ಟೈಗರ್ ಎಂದು ಹೆಸರಾದ ಚಿಟ್ಟೆ ಎಕ್ಕದ ಎಲೆಯ ಮೇಲೆ ಮೊಟ್ಟೆಯಿಡುತ್ತದೆ. ಈ ವರ್ಗದ ಚಿಟ್ಟೆಗಳ ಮರಿಹುಳುಗಳು ಮೊದಲು ಎಲೆಯ ನರವನ್ನು ಕಡಿದು, ಹಾಲು ಬಸಿದುಹೋದ ಬಳಿಕ ಮುಂದಿನ ಭಾಗವನ್ನು ತಿನ್ನುವುದನ್ನು ಸಹನೆಯಿಂದ ನೋಡುವವರು ಕಾಣಬಹುದು. ಹಳದಿ ಮತ್ತು ನೀಲಿ ಪಟ್ಟೆಗಳ ಬಣ್ಣದ ಮಿಡತೆಯೊಂದು ಎಕ್ಕವನ್ನೇ ನೆಚ್ಚಿ ಬದುಕುತ್ತದೆ. ಇಂತಹ ಕೀಟಗಳು ಗಿಡದ ವಿಷವನ್ನು ತಮ್ಮ ಮೈಯಲ್ಲಿ ಕೂಡಿಟ್ಟುಕೊಂಡು ಹಕ್ಕಿಗಳಿಗೆ ರುಚಿಗೆಟ್ಟವಾಗುತ್ತವೆ. ಎದ್ದುಕಾಣುವ ಅವುಗಳ ಬಣ್ಣ ಆ ವಿಷದ ಎಚ್ಚರಿಕೆ. ವಿಷವಿಲ್ಲದ ಇನ್ನೊಂದು ಚಿಟ್ಟೆಯ ಹೆಣ್ಣು ಪ್ಲೇನ್ ಟೈಗರಿನ ವೇಷವನ್ನೇ ತೊಟ್ಟು ಹಕ್ಕಿಗಳಿಂದ ಪಾರಾಗುತ್ತದೆ. ಎಕ್ಕದಂತಹ ಗಿಡಗಳನ್ನು ತಿನ್ನುವ ಚಿಟ್ಟೆ, ಜೀರುಂಡೆ, ತಿಗಣೆ, ನೊಣಗಳಲ್ಲಿ ವಿಷಕ್ಕೆ ಗುರಿಯಾಗುವ ಆ ಪ್ರೋಟೀನೇ ಪ್ರತ್ಯೇಕ ಪ್ರತ್ಯೇಕವಾಗಿ, ಆದರೆ ಹೆಚ್ಚುಕಡಿಮೆ ಒಂದೇ ಸ್ಥಳಗಳಲ್ಲಿ ಬದಲಾಗಿರುವುದನ್ನು 2012ರಲ್ಲಿ ಪ್ರಕಟವಾದ ಅಧ್ಯಯನಗಳು ತೋರಿಸಿದವು. ಗಿಡದ ಹೊಂದಾಣಿಕೆ ಮತ್ತು ಕೀಟದ ಹೊಂದಾಣಿಕೆ ಪರಸ್ಪರ ಬೆನ್ನಟ್ಟಿ ಬೆಳೆದಿರುವುದಕ್ಕೆ ಇದು ಸಾಕ್ಷಿ.

ಈ ಹಾಲಿನ ಎರಡು ಮುಖಗಳೂ ಜನರಿಗೆ ಬಹು ಹಿಂದಿನಿಂದ ತಿಳಿದಿದ್ದವು. ಮಹಾಭಾರತದ ಆದಿಪರ್ವದಲ್ಲಿ ಧೌಮ್ಯನ ಶಿಷ್ಯ ಉಪಮನ್ಯುವು ಹಸಿವು ತಾಳಲಾರದೆ ಎಕ್ಕದ ಎಲೆ ತಿಂದು ಕುರುಡನಾಗಿ ಬಾವಿಗೆ ಬೀಳುತ್ತಾನೆ. ದೇವವೈದ್ಯರಾದ ಅಶ್ವಿನೀ ದೇವತೆಗಳ ಅನುಗ್ರಹದಿಂದ ದೃಷ್ಟಿ ಮರಳಿ ಬರುತ್ತದೆ. ಕಥೆಯಲ್ಲಿ ಎಲೆ ತಿಂದು ಕಣ್ಣು ಹೋಗುತ್ತದೆ. ವಾಸ್ತವದಲ್ಲಿ ಹಾಲು ನೇರವಾಗಿ ಕಣ್ಣಿಗೆ ಸಿಡಿದಾಗ ಪಾರದರ್ಶಕ ಪಟಲಕ್ಕೆ ಹಾನಿಯಾಗುವುದನ್ನು ಆಧುನಿಕ ನೇತ್ರವೈದ್ಯರು ದಾಖಲಿಸಿದ್ದಾರೆ. ಎಕ್ಕಕ್ಕೂ ಕಣ್ಣಿಗೂ ಇರುವ ಹಗೆತನದ ಅರಿವು ಕಥೆಯ ಒಡಲಲ್ಲಿದೆ ಎನ್ನಲು ಅಡ್ಡಿಯಿಲ್ಲ. ಇನ್ನೊಂದೆಡೆ, ಸುಶ್ರುತಸಂಹಿತೆಯು ಔಷಧಿಗಳ ಒಂದು ಗಣಕ್ಕೆ ಅರ್ಕಾದಿ ಗಣವೆಂದೇ ಹೆಸರಿಟ್ಟು ಅರ್ಕ, ಅಲರ್ಕ ಎರಡನ್ನೂ ಅದರಲ್ಲಿ ಸೇರಿಸಿದೆ. ಕಾಲಿಗೆ ಮುಳ್ಳು ಮುರಿದಾಗ ಎಕ್ಕದ ಹಾಲು ಹಾಕುವುದು, ಕೀಲುನೋವಿಗೆ ಎಣ್ಣೆ ಸವರಿ ಬಿಸಿ ಮಾಡಿದ ಎಲೆಯ ಶಾಖ ಕೊಡುವುದು, ಗದ್ದೆಗೆ ಸೊಪ್ಪುಗೊಬ್ಬರವಾಗಿ ತುಳಿಯುವುದು ಇಂದಿಗೂ ನಮ್ಮ ಹಳ್ಳಿಗಳಲ್ಲಿ ಕಾಣುವ ಬಳಕೆಗಳು.

ಈ ಹಾಲಿನ ಕರಾಳ ಚರಿತ್ರೆಯನ್ನು ಬದಿಗಿರಿಸಿ ಬರೆಯುವುದು ಪ್ರಾಮಾಣಿಕವಾಗದು. ಭಾರತದ ವೈದ್ಯಕೀಯ ನ್ಯಾಯಶಾಸ್ತ್ರದ ಗ್ರಂಥಗಳು ಎಕ್ಕವನ್ನು ಶಿಶುಹತ್ಯೆ ಹಾಗೂ ಗರ್ಭಪಾತಕ್ಕೆ ಬಳಕೆಯಾದ ವಿಷಗಳ ಪಟ್ಟಿಯಲ್ಲಿ ಸೇರಿಸುತ್ತ ಬಂದಿವೆ. ತಾಯ ಹಾಲಿನ ಹೆಸರನ್ನೇ ಹೊತ್ತ ಗಿಡದ ರಸವು ಬೇಡವಾದ ಹೆಣ್ಣುಕೂಸಿನ ಬಾಯಿಗೆ ಹೋದ ಸಂಗತಿ ನಮ್ಮ ಸಾಮಾಜಿಕ ಚರಿತ್ರೆಯ ಭಾಗ. ಗಿಡವನ್ನು ಶುಭವೆಂದೋ ಅಶುಭವೆಂದೋ ತೀರ್ಮಾನಿಸುವ ಮುನ್ನ ಅದನ್ನು ಬಳಸಿದ ಕೈಗಳ ಬಗೆಗೂ ಪ್ರಶ್ನೆ ಕೇಳಬೇಕಾಗುತ್ತದೆ.

ಹೂವಿನೊಳಗಿನ ಬೀಗ

ಎಕ್ಕದ ಹೂವಿನ ನಡುವೆ ಐದು ಮೂಲೆಯ ಕಿರೀಟದಂತಹ ಅಂಗವೊಂದು ನಿಂತಿರುತ್ತದೆ. ಮೊಗ್ಗನ್ನು ಹಿಸುಕಿ 'ಟಪ್' ಎನ್ನಿಸಿ ಆಡುವ ಮಕ್ಕಳಿಗೆಲ್ಲ ಇದರ ಪರಿಚಯವಿದೆ. ಬೇರೆ ಹೂಗಳಲ್ಲಿ ಪರಾಗವು ಬಿಡಿ ಪುಡಿಯಾಗಿರುತ್ತದೆ. ಎಕ್ಕದಲ್ಲಿ ಅದು ಮೇಣದಂತೆ ಗಟ್ಟಿಯಾದ ಗಂಟಾಗಿರುತ್ತದೆ. ನೆರೆಹೊರೆಯ ಎರಡು ಕೇಸರಗಳ ಒಂದೊಂದು ಗಂಟು ಸಣ್ಣ ಚಿಮ್ಮಟಿಗೆಯಂತಹ ಕೊಂಡಿಗೆ ಜೋತುಬಿದ್ದಿರುತ್ತದೆ. ಮಕರಂದಕ್ಕಾಗಿ ಬಂದ ದೊಡ್ಡ ಬಡಗಿ ದುಂಬಿಯ ಕಾಲು ಕಿರೀಟದ ಸೀಳಿನಲ್ಲಿ ಜಾರಿ ಕೊಂಡಿಗೆ ಸಿಕ್ಕಿಕೊಳ್ಳುತ್ತದೆ. ದುಂಬಿ ಜಗ್ಗಿ ಹಾರಿದಾಗ ಜೋಡಿಗಂಟು ಅದರ ಕಾಲಿನೊಂದಿಗೆ ಹೊರಡುತ್ತದೆ. ಇನ್ನೊಂದು ಹೂವಿನ ಸೀಳಿನಲ್ಲಿ ಸರಿಯಾಗಿ ಕೂತರೆ ಮಾತ್ರ ಕಾಯಿ ಕಟ್ಟುತ್ತದೆ. ಜಗ್ಗುವ ಬಲವಿಲ್ಲದ ಸಣ್ಣ ಕೀಟಗಳಿಗೆ ಈ ಬೀಗ ತೆರೆಯುವುದು ಕಷ್ಟ. ಸದಾ ಹೂ ತುಂಬಿದ ಎಕ್ಕದಲ್ಲಿ ಕಾಯಿಗಳು ವಿರಳವಾಗಿರುವುದಕ್ಕೆ ಈ ಬಿಗಿ ಏರ್ಪಾಡೂ ಒಂದು ಕಾರಣ. ಆದರೆ ಒಂದು ಗಂಟಿನಲ್ಲಿ ನೂರಾರು ಪರಾಗಕಣಗಳಿರುವುದರಿಂದ, ಒಮ್ಮೆ ಕೂತರೆ ಒಂದು ಕಾಯಿಯ ತುಂಬ ಬೀಜಕ್ಕೆ ಅದು ಸಾಕು.

ಈ ಹೂವಿನ ಗುಟ್ಟು ವಿಜ್ಞಾನದ ಚರಿತ್ರೆಯಲ್ಲೂ ಸ್ಥಾನ ಪಡೆದಿದೆ. ಲಿನೇಯಸ್ 1753ರಲ್ಲಿ ದೊಡ್ಡ ಎಕ್ಕವನ್ನು ಆಸ್ಕ್ಲೆಪಿಯಾಸ್ ಕುಲದಲ್ಲಿ ಸೇರಿಸಿದ್ದನು. ಸ್ಕಾಟ್ಲೆಂಡಿನ ಸಸ್ಯವಿಜ್ಞಾನಿ ರಾಬರ್ಟ್ ಬ್ರೌನ್ 1810ರಲ್ಲಿ ಎಕ್ಕಕ್ಕೆ ಕ್ಯಾಲೊಟ್ರೊಪಿಸ್ ಎಂಬ ಪ್ರತ್ಯೇಕ ಕುಲವನ್ನು ಸ್ಥಾಪಿಸಿದನು. ಗಂಟುಪರಾಗದ ಗಿಡಗಳನ್ನು ಕಣಗಿಲೆಯ ವರ್ಗದಿಂದ ಬೇರ್ಪಡಿಸಿದ್ದೂ ಅದೇ ಪ್ರಬಂಧದಲ್ಲಿ. ಆರ್ಕಿಡ್ ಮತ್ತು ಎಕ್ಕದ ವರ್ಗಗಳ ಗರ್ಭಧಾರಣೆಯನ್ನು ಕುರಿತ 1831ರ ಅಧ್ಯಯನದಲ್ಲಿ ಅವನು ಜೀವಕೋಶದ ಕೇಂದ್ರಕ್ಕೆ 'ನ್ಯೂಕ್ಲಿಯಸ್' ಎಂದು ಹೆಸರಿಟ್ಟನು. ಗಂಟುಪರಾಗವು ಆರ್ಕಿಡ್‌ಗಳಲ್ಲಿಯೂ ಎಕ್ಕದಲ್ಲಿಯೂ ಇದ್ದರೂ ಇವೆರಡಕ್ಕೂ ಹತ್ತಿರದ ನಂಟಿಲ್ಲ. ಒಂದೇ ಬಗೆಯ ಅಗತ್ಯಕ್ಕೆ ಎರಡು ದೂರದ ವಂಶಗಳು ಸ್ವತಂತ್ರವಾಗಿ ಕಂಡುಕೊಂಡ ಒಂದೇ ಬಗೆಯ ಪರಿಹಾರವಿದು.

ನಂಟಸ್ತಿಕೆಯ ಎರಡು ಲೆಕ್ಕಗಳು

ಜನಪದರಲ್ಲಿ ಗಿಡಗಳನ್ನು ಗುಂಪುಗೂಡಿಸುವ ಮುಖ್ಯ ಗುರುತುಗಳಲ್ಲಿ ಹಾಲೂ ಒಂದು. ಅತ್ತಿ, ಆಲ, ಹಲಸು, ಹಾಲೆ, ಕಳ್ಳಿ, ಎಕ್ಕ ಇವೆಲ್ಲ 'ಹಾಲು ಬರುವ' ಗಿಡಮರಗಳು. ಮದುವೆಯ ಚಪ್ಪರದಲ್ಲಿ ಹಾಲುಗಂಬವಾಗಿ ನೆಡುವ ಕೊಂಬೆ ಇಂತಹ ಮರದ್ದಾಗಿರಬೇಕೆಂಬ ಕಟ್ಟಳೆ ಅನೇಕ ಸಮುದಾಯಗಳಲ್ಲಿದೆ. ಹಾಲು ಸಂತಾನದ, ಸಮೃದ್ಧಿಯ ಸೂಚಕ. ಎಕ್ಕವೂ ಕಳ್ಳಿಯೂ ಇದೇ ಗುಂಪಿನಲ್ಲಿದ್ದರೂ ಅವುಗಳ ಹಾಲು ಬೆಂಕಿಯಂಥದು. ಊರ ಹೊರಗಿನ ನೆಲ ಅವುಗಳ ಪಾಲಿಗೆ ಬಂದಿದೆ.

ಸಸ್ಯವಿಜ್ಞಾನದ ಲೆಕ್ಕ ಬೇರೆ. ಅದು ವಂಶವನ್ನು ಹುಡುಕುತ್ತದೆ. ಅತ್ತಿ, ಆಲ, ಹಲಸು ಒಂದು ಕುಟುಂಬ, ಕಳ್ಳಿ ಇನ್ನೊಂದು, ಎಕ್ಕ ಮತ್ತೊಂದು. ಈ ಕುಟುಂಬಗಳಲ್ಲಿ ಹಾಲು ಬೇರೆಬೇರೆಯಾಗಿ ಹುಟ್ಟಿಕೊಂಡ ರಕ್ಷಣೆಯ ಉಪಾಯ. ಎಕ್ಕದ ನಿಜವಾದ ಬಳಗವನ್ನು ನೋಡಿದರೆ ಅಲ್ಲಿ ನಮಗೆ ಚಿರಪರಿಚಿತವಾದ ಹೆಸರುಗಳೇ ಇವೆ. ಬೇಲಿಯ ಮೇಲೆ ಹಬ್ಬುವ ಹಾಲುಕೊರಟಿಗೆ ಅತಿ ಸಮೀಪದ ನೆಂಟ. ಮಧುನಾಶಿನಿ, ಶರಬತ್ತಿಗೆ ಒದಗುವ ಸೊಗದೆ ಬೇರು ಸ್ವಲ್ಪ ದೂರದವು. ಕಣಗಿಲೆ, ನಂದಿಬಟ್ಟಲು, ದೇವಕಣಗಿಲೆ, ಕೊಡಸಿಗ, ಮಕ್ಕಳು ಬಾಯಿ ಅಂಟಿಸಿಕೊಂಡು ತಿನ್ನುವ ಕವಳೆಹಣ್ಣು ಇವೂ ಅದೇ ದೊಡ್ಡ ಮನೆತನದವು. ತುಳುನಾಡಿನಲ್ಲಿ ಆಟಿ ಅಮಾವಾಸ್ಯೆಯಂದು ಕಷಾಯಕ್ಕೆ ತೊಗಟೆ ತರುವ ಪಾಲೆಯ ಮರವೂ ಇದೇ ಕುಟುಂಬದ್ದು. ಸುಮಾರು 5000 ಪ್ರಭೇದಗಳಿರುವ ಈ ಕುಟುಂಬದಿಂದ ಎಕ್ಕದ ವರ್ಗವನ್ನು ಬ್ರೌನ್ ಪ್ರತ್ಯೇಕಿಸಿದ್ದ ವಿಭಜನೆ ಬಹುಕಾಲ ನಿಂತಿತ್ತು. ಆದರೆ 1998ರಲ್ಲಿ ಪ್ರಕಟವಾದ, ಮುಖ್ಯವಾಗಿ ವಂಶವಾಹಿಗಳ ಹೋಲಿಕೆಯನ್ನು ಆಧರಿಸಿದ ಹೊಸ ವರ್ಗೀಕರಣವು ಎಕ್ಕವನ್ನು ಮರಳಿ ಕಣಗಿಲೆಯ ಮನೆಗೆ ಸೇರಿಸಿತು.

ಈ ಮನೆತನದೊಳಗೆ ಹೂವಿನ ಬೀಗ ಹೇಗೆ ಬಿಗಿಯಾಗುತ್ತ ಬಂದಿರಬಹುದೆಂಬುದರ ಸುಳಿವು ಈಗಿನ ಗಿಡಗಳಲ್ಲಿಯೇ ಸಿಗುತ್ತದೆ. ಕಣಗಿಲೆಯಲ್ಲಿ ಪರಾಗ ಬಿಡಿ ಪುಡಿಯೇ; ಆದರೆ ಕೇಸರಗಳು ಆಗಲೇ ಒಟ್ಟುಗೂಡಿ ಶಲಾಕೆಯ ತಲೆಗೆ ಒತ್ತಿಕೊಂಡಿವೆ. ಸೊಗದೆ ಬೇರು ಸೇರಿರುವ ಗುಂಪಿನ ಬಹುಪಾಲು ಗಿಡಗಳಲ್ಲಿ ಪರಾಗವು ನಾಲ್ಕು ನಾಲ್ಕು ಕಣಗಳ ಗುಂಪಾಗಿ ಚಮಚದಂತಹ ಅಂಗದ ಮೇಲೆ ಬೀಳುತ್ತದೆ. ಎಕ್ಕದಲ್ಲಿ ಅದು ಕೊಂಡಿಗೆ ಜೋತುಬಿದ್ದ ಗಂಟು. ಇವು ಒಂದರಿಂದೊಂದು ಹುಟ್ಟಿದವಲ್ಲ, ದಾಯಾದಿಗಳು. ಆದರೂ ವಿಕಾಸ ಹಾದುಬಂದ ಹಂತಗಳನ್ನು ಊಹಿಸಲು ನೆರವಾಗುತ್ತವೆ. ಕಣಗಿಲೆಯ ವಿಷವೂ ಎಕ್ಕದ ವಿಷವೂ ಹೃದಯವನ್ನೇ ಹಿಡಿಯುವ ಒಂದೇ ವರ್ಗದವೆಂಬುದು ಗಮನಾರ್ಹ.

ಈ ನಂಟನ್ನು ಮನುಷ್ಯರಿಗಿಂತ ಮೊದಲು ಚಿಟ್ಟೆಗಳು ಗುರುತಿಸಿವೆ. ಅಮೆರಿಕದ ಮೊನಾರ್ಕ್ ಚಿಟ್ಟೆ ತನ್ನ ನಾಡಿನಲ್ಲಿ ಆಸ್ಕ್ಲೆಪಿಯಾಸ್ ಗಿಡಗಳನ್ನು ನೆಚ್ಚಿ ಬಾಳುವಂಥದು. ಹತ್ತೊಂಬತ್ತನೆಯ ಶತಮಾನದಲ್ಲಿ ಹವಾಯಿ ದ್ವೀಪಗಳನ್ನು ಮುಟ್ಟಿದ ಅದು, ಹೂಮಾಲೆಗಾಗಿ ಅಲ್ಲಿ ಬೆಳೆಸುತ್ತಿರುವ ಏಷ್ಯದ ಎಕ್ಕದ ಮೇಲೆಯೇ ಸಂಸಾರ ಹೂಡಿತು. ಸಾಗರದಾಚೆಯ ಅಪರಿಚಿತ ಗಿಡದ ಹಾಲಿನಲ್ಲಿ ಅದಕ್ಕೆ ತವರಿನ ಗಿಡದ ಗುಣ ಸಿಕ್ಕಿತು.

ಇಲ್ಲೊಂದು ಎಚ್ಚರಿಕೆ ಅವಶ್ಯ. ನಮ್ಮ ಜನಪದರಿಗೆ ವಿಕಾಸವಾದವೂ ತಿಳಿದಿತ್ತು ಎಂದು ಹೇಳುವುದು ಅತಿಶಯವಾಗುತ್ತದೆ. ಅವರ ವರ್ಗೀಕರಣ ಗುಣವನ್ನೂ ಬಳಕೆಯನ್ನೂ ಆಧರಿಸಿದ್ದು, ವಂಶವನ್ನಲ್ಲ. ಹಾಗೆಯೇ ಅದನ್ನು ಮೌಢ್ಯವೆಂದು ತಳ್ಳಿಹಾಕುವುದೂ ಸರಿಯಲ್ಲ. ಯಾವ ಹಾಲು ಸುಡುತ್ತದೆ, ಯಾವ ಹಾಲು ಸುಡುವುದಿಲ್ಲ ಎಂಬುದು ದನ ಕಾಯುವ ಹುಡುಗನಿಗೆ ವಂಶವೃಕ್ಷಕ್ಕಿಂತ ತುರ್ತಿನ ವಿಷಯ.

ಹೆಸರುಗಳಲ್ಲಿ ಉಳಿದ ಗಮನಿಕೆ

ಗಿಡಗಳಂತೆ ಪದಗಳಿಗೂ ಬಳಗಗಳಿವೆ. ಹಿಂದಿಯ 'ಆಕ್' ಎಂಬುದು ಪ್ರಾಕೃತದ 'ಅಕ್ಕ' ರೂಪದ ಮೂಲಕ ಸಂಸ್ಕೃತದ 'ಅರ್ಕ'ದಿಂದ ಬಂದದ್ದು. ಕನ್ನಡದ 'ಎಕ್ಕ', 'ಎಕ್ಕೆ'ಗಳು ಎಕಾರದಿಂದ ಮೊದಲಾಗಿ ತಮಿಳಿನ 'ಎರುಕ್ಕು', ಮಲೆಯಾಳದ 'ಎರಿಕ್ಕು' ಪದಗಳಿಗೆ ಸಮೀಪವಾಗಿ ನಿಲ್ಲುತ್ತವೆ. ಕೊಚ್ಚಿಯ ಡಚ್ ಅಧಿಕಾರಿ ವಾನ್ ರೀಡ್ ಹೊರತಂದ, 1678ರಿಂದ 1693ರವರೆಗೆ ಹನ್ನೆರಡು ಸಂಪುಟಗಳಲ್ಲಿ ಪ್ರಕಟವಾದ ಹಾರ್ಟಸ್ ಮಲಬಾರಿಕಸ್ ಗ್ರಂಥದಲ್ಲಿ ಗಿಡದ ಚಿತ್ರಕ್ಕೆ 'ಎರಿಕು' ಎಂಬ ದೇಸಿ ಹೆಸರೇ ಇದೆ.

ಅಮರಕೋಶವು ಅರ್ಕಕ್ಕೆ ಕೊಡುವ ಪರ್ಯಾಯಪದಗಳಲ್ಲಿ 'ಆಸ್ಫೋಟ', 'ವಿಕೀರಣ' ಎಂಬ ಎರಡನ್ನು ಇಲ್ಲಿ ನೆನೆಯಬಹುದು. ಒಂದು ಸಿಡಿಯುವುದನ್ನು, ಇನ್ನೊಂದು ಚದುರುವುದನ್ನು ಸೂಚಿಸುವ ಪದ. ನಿಘಂಟುಗಳ 'ತೂಲಫಲ', 'ಕ್ಷೀರಪರ್ಣ', 'ಸದಾಪುಷ್ಪ' ಎಂಬ ಹೆಸರುಗಳು ಹತ್ತಿಯಂಥ ಕಾಯಿ, ಹಾಲಿನ ಎಲೆ, ಎಂದಿಗೂ ಬತ್ತದ ಹೂ ಇವನ್ನು ಹೇಳುತ್ತವೆ. ಬಿರಿಯುವ ಕಾಯಿ, ಚದುರುವ ಬೀಜ, ಒಸರುವ ಹಾಲು: ಈ ಲೇಖನದ ಆರಂಭದಲ್ಲಿ ಹೊಂದಾಣಿಕೆಗಳೆಂದು ವಿವರಿಸಿದ ಲಕ್ಷಣಗಳೇ ಇಲ್ಲಿ ಹೆಸರುಗಳಾಗಿವೆ.

ಊರಾಚೆಯ ಗಿಡವಾದ ಕಾರಣ ಎಕ್ಕವು ಊರಾಚೆಯ ದೇವರುಗಳಿಗೆ ಸಂದಿತು. ಶತಪಥ ಬ್ರಾಹ್ಮಣದಲ್ಲಿ ರುದ್ರನಿಗೆ ಸಲ್ಲುವ ಶತರುದ್ರೀಯ ಹೋಮದ ಆಹುತಿಯನ್ನು ಎಕ್ಕದ ಎಲೆಯಿಂದ ಅರ್ಪಿಸುವ ವಿಧಿಯಿದೆ. ಆಹುತಿಯ ದ್ರವ್ಯಗಳಲ್ಲಿ ಕಾಡೆಳ್ಳೂ ಸೇರಿದೆ. ತಮಿಳಿನ ಪುರನಾನೂರು ಸಂಕಲನದ ಕಪಿಲರ ಪದ್ಯವೊಂದು ಎಕ್ಕದ ಹೂವನ್ನು ದೇವರು ಬೇಡವೆನ್ನದ ಬಡ ಕಾಣಿಕೆಗೆ ಉದಾಹರಣೆಯಾಗಿ ಬಳಸುತ್ತದೆ. ಮೂರನೆಯ ಮದುವೆ ಕೇಡೆಂಬ ನಂಬಿಕೆಯಿಂದ ಗಂಡಿಗೆ ಮೊದಲು ಎಕ್ಕದ ಗಿಡದೊಡನೆ ಮದುವೆ ಮಾಡಿಸುವ ಅರ್ಕವಿವಾಹವನ್ನು ಎಡ್ಗರ್ ಥರ್ಸ್ಟನ್ 1906ರ ತನ್ನ ದಕ್ಷಿಣ ಭಾರತದ ಜನಾಂಗೀಯ ಟಿಪ್ಪಣಿಗಳಲ್ಲಿ ದಾಖಲಿಸಿದ್ದಾನೆ. ಹೆಣ್ಣಿಗೆ ತಟ್ಟಬಹುದಾದ ಕೇಡನ್ನು ತಾಳಿಕೊಳ್ಳಲು, ದನ ಮುಟ್ಟದ, ಬರಕ್ಕೆ ಬಾಡದ, ಕಡಿದರೂ ಚಿಗುರುವ ಗಿಡವನ್ನು ಆರಿಸಿಕೊಂಡದ್ದರಲ್ಲಿ ಒಂದು ತರ್ಕವನ್ನು ಗುರುತಿಸಬಹುದು. ಪೂಜೆಗೂ ಶಾಪಕ್ಕೂ ಆಧಾರ ಒಂದೇ: ಬೇರೆಲ್ಲ ಸೋಲುವಲ್ಲಿ ಇದು ಉಳಿಯುತ್ತದೆ.

ದೀಪವಿಲ್ಲದ ಊರುಗಳು

ನಮ್ಮ ಕಂದಾಯ ದಾಖಲೆಗಳಲ್ಲಿ 'ಬೇಚರಾಕ್ ಗ್ರಾಮ' ಎಂಬ ಪದವಿದೆ. ಎಲ್ಲೆಕಟ್ಟು, ಸರ್ವೆ ನಂಬರುಗಳಿದ್ದು ಜನವಸತಿ ಇಲ್ಲದ ಊರು ಅದು. 'ಬೇ ಚಿರಾಗ್' ಎಂಬ ಪಾರಸಿ ಮೂಲಕ್ಕೆ ದೀಪವಿಲ್ಲದ್ದು ಎಂದು ಅರ್ಥ. ಆಡಳಿತದ ಭಾಷೆ ದೀಪ ಆರಿದ್ದನ್ನು ಗುರುತಿಸಿದರೆ, ಜನರ ಭಾಷೆ ಎಕ್ಕ ಹುಟ್ಟಿದ್ದನ್ನು ಗುರುತಿಸಿತು.

ಇಂತಹ ಊರುಗಳು ಕಲ್ಪನೆಯಲ್ಲ. ಟಿಪ್ಪು ಸುಲ್ತಾನನ ಪತನದ ಮರುವರ್ಷ, 1800–01ರಲ್ಲಿ, ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಯುದ್ಧಗಳಿಂದ ಪಾಳುಬಿದ್ದ ಹಳ್ಳಿಗಳನ್ನೂ ಉಳುವವರಿಲ್ಲದ ಹೊಲಗಳನ್ನೂ ಮತ್ತೆ ಮತ್ತೆ ಉಲ್ಲೇಖಿಸುತ್ತಾನೆ. ಮುಕ್ಕಾಲು ಶತಮಾನದ ಬಳಿಕ 1876–78ರ ಬರ ಬಂತು; ಜನರ ನೆನಪಿನಲ್ಲಿ ಅದು ಧಾತು–ಈಶ್ವರ ಸಂವತ್ಸರಗಳ ಬರ. 1871ರ ಜನಗಣತಿಯಲ್ಲಿ ಸುಮಾರು 50 ಲಕ್ಷವಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. 1898ರಲ್ಲಿ ಪ್ಲೇಗು ಬೆಂಗಳೂರನ್ನು ಮುಟ್ಟಿದ ಬಳಿಕ ಊರು ತೊರೆದು ಬಯಲಲ್ಲಿ ಗುಡಿಸಲು ಹಾಕಿಕೊಂಡ ಕಥೆಗಳು ಹಿರಿಯರ ಬಾಯಲ್ಲಿ ಬಹುಕಾಲ ಉಳಿದಿದ್ದವು. ಬಿಟ್ಟುಹೋದ ಮನೆಯ ಅಂಗಳದಲ್ಲಿ ಕೆಲವೇ ವರ್ಷಗಳಲ್ಲಿ ಎಕ್ಕ ಎದೆಯೆತ್ತರಕ್ಕೆ ಬೆಳೆದುದನ್ನು ಕಂಡ ತಲೆಮಾರುಗಳಿಗೆ 'ಎಕ್ಕ ಹುಟ್ಟುವುದು' ಅಲಂಕಾರವಾಗಿರಲಿಲ್ಲ, ಕಣ್ಣೆದುರಿನ ಸಂಗತಿಯಾಗಿತ್ತು.

ಹಾಗೆಂದು ಎಕ್ಕ ಕಂಡಲ್ಲೆಲ್ಲ ಹಾಳೂರಿತ್ತೆಂದು ಹೇಳಲಾಗದು. ಹೊಸ ರಸ್ತೆಯ ಮಣ್ಣಿನ ಮೇಲೂ ಅದು ಬೆಳೆಯುತ್ತದೆ. ಗಿಡದಿಂದ ಊರಿನ ಕಾಲವನ್ನು ನಿರ್ಣಯಿಸಲೂ ಆಗದು. ಒಂದೊಂದು ಎಕ್ಕವೂ ಶತಮಾನಗಳ ಕಾಲ ಬಾಳುವಂಥದಲ್ಲ. ಆದರೆ ಎಕ್ಕದ ಮೆಳೆಯ ಜೊತೆಗೆ ಮಡಕೆಯ ಚೂರು, ಬೂದಿಮಣ್ಣು, ಅನಾಥವಾಗಿ ನಿಂತ ವೀರಗಲ್ಲು, ಪೂಜೆಯಿಲ್ಲದ ಮಾರಮ್ಮನ ಕಲ್ಲು, ಬೇಚರಾಕ್ ಎಂಬ ದಾಖಲೆ ಹಾಗೂ ಪಕ್ಕದ ಊರಿನ ಹಿರಿಯರ ಕಥೆ ಕೂಡಿಬಂದಾಗ ಚರಿತ್ರೆಯ ಒಂದು ಚಿತ್ರ ಮೂಡುತ್ತದೆ. ಸ್ಥಳನಾಮ ಮತ್ತು ಗ್ರಾಮಚರಿತ್ರೆಯ ಕ್ಷೇತ್ರಕಾರ್ಯ ಮಾಡುವವರು ಪ್ರಶ್ನಾವಳಿಯೊಂದಿಗೆ ಆ ನೆಲದ ಗಿಡಗಳ ಟಿಪ್ಪಣಿಯನ್ನೂ ಇಟ್ಟುಕೊಳ್ಳುವುದು ಉಪಯುಕ್ತ.

ಇದರ ತುರ್ತು ಹೆಚ್ಚಾಗಲು ಕಾರಣವಿದೆ. ಬಿಳಿ ಎಕ್ಕದ ಬುಡದಲ್ಲಿ ನಿಧಿಯಿದೆ ಎಂಬ ನಂಬಿಕೆ ಅನೇಕ ಕಡೆ ಪ್ರಚಲಿತ. ಹಾಳೂರಿನ ನೆಲದಲ್ಲಿ ಎಕ್ಕ ಬೆಳೆಯುವುದೂ, ಅಂತಹ ನೆಲದಲ್ಲಿ ಎಂದೋ ಯಾರಿಗೋ ಹಳೆಯ ನಾಣ್ಯ ಸಿಕ್ಕಿರುವುದೂ ಸೇರಿ ಈ ನಂಬಿಕೆ ಹುಟ್ಟಿರಬಹುದು. ಪರಿಣಾಮ ಮಾತ್ರ ಕ್ರೂರವಾದದ್ದು: ನಿಧಿಗಳ್ಳರ ಹಾರೆ ಗಿಡದ ಬುಡದಿಂದ ವೀರಗಲ್ಲಿನ ಬುಡಕ್ಕೆ ಸಾಗುತ್ತದೆ. ಹಾಳೂರಿನ ದಿಬ್ಬಗಳು ಇಟ್ಟಿಗೆಗೂಡಿನ ಮಣ್ಣಾಗಿ, ಬಡಾವಣೆಯ ನಿವೇಶನಗಳಾಗಿ ಕರಗುತ್ತಿರುವುದು ಇನ್ನೊಂದು ನಷ್ಟ. ಗಿಡಕ್ಕೇನೂ ಅಪಾಯವಿಲ್ಲ, ಅದು ಬಡಾವಣೆಯ ಖಾಲಿ ನಿವೇಶನದಲ್ಲೂ ಹುಟ್ಟಿಕೊಳ್ಳುತ್ತದೆ. ಗಿಡ ಸೂಚಿಸುತ್ತಿದ್ದ ನೆಲವೂ, ಅದನ್ನು ಓದಬಲ್ಲ ಹಿರಿಯರೂ ಇಲ್ಲವಾಗುತ್ತಿದ್ದಾರೆ.

ನಗರದಲ್ಲಿ ಬೆಳೆದ ತರುಣರು 'ಎಕ್ಕುಟ್ಟೋಯ್ತು' ಎನ್ನುವಾಗ ಅದರೊಳಗೆ ಒಂದು ಗಿಡವಿದೆ ಎಂಬುದು ಅನೇಕರಿಗೆ ತಿಳಿಯದು. ಪದ ಉಳಿದು ಗಮನಿಕೆ ಅಳಿಯುವ ಈ ಘಟ್ಟದಲ್ಲಿ ಜಾನಪದ ಸಂಗ್ರಹವು ಗಾದೆ, ಬೈಗುಳ, ಹಾಡುಗಳನ್ನು ಬರೆದುಕೊಂಡು ತೃಪ್ತಿಪಡುವಂತಿಲ್ಲ. ಹೇಳಿದವರನ್ನು ಕರೆದುಕೊಂಡು ಗಿಡದ ಬಳಿಗೆ ಹೋಗಬೇಕು; ಅದು ಯಾವ ಮಣ್ಣಿನಲ್ಲಿ ನಿಂತಿದೆ, ಯಾವ ಹುಳು ತಿನ್ನುತ್ತಿದೆ, ಅಲ್ಲಿ ಮೊದಲು ಯಾರ ಮನೆಯಿತ್ತು ಎಂದು ಕೇಳಿ ಬರೆದುಕೊಳ್ಳಬೇಕು. ಮೂರನೆಯ ಪ್ರಶ್ನೆಗೆ ಉತ್ತರ ಹೇಳಬಲ್ಲವರು ಇನ್ನೂ ಕೆಲವರು ನಮ್ಮ ಹಳ್ಳಿಗಳಲ್ಲಿದ್ದಾರೆ.